ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿಯೇ ಇತ್ತು!

ಹೋದ ಆಗಸ್ಟ್ ಕೊನೆಯ ವಾರ. ಹೊಸಪೇಟೆಯ ಕಾಲೇಜಿನಲ್ಲಿ ಇಂಟರ್ನಲ್ಸ್ ಬರೆದು ಹೊರಗೆ ಬಂದು, ವರಾಂಡದಲ್ಲಿಟ್ಟಿದ್ದ ಬ್ಯಾಗಿನಿಂದ ಮೊಬೈಲ್ ತೆಗೆದೆ. ಕಂಪ್ಲಿಯ ಮಾಮನಿಂದ ಹನ್ನೊಂದು ಮಿಸ್ಡ್ ಕಾಲ್. ಗಂಟೆ ನಾಲ್ಕೂವರೆ. ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದೇ ಎದೆ ಹೊಡೆದುಕೊಂಡಿತು.

‘ಅಳಿಯಾ, ನಿನ್ನ ಬಟನ್ ಸತ್ತೈತಿ ನೋಡು. ಇಲ್ಲೊಬ್ಬ ಟೀಚರು ಮಧ್ಯಾಹ್ನದಿಂದ ಕುಂತಾರ. ಐದಕ್ಕ ಅರ್ಜಿ ಕ್ಲೋಸ್ ಅಂತ.’

ಮಾಮನದು ಕಂಪ್ಲಿ ಬಸ್‌ ನಿಲ್ದಾಣದ ಹತ್ತಿರ ಚಿಕ್ಕ ಆನ್‌ಲೈನ್ ಸೆಂಟರ್. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಝೆರಾಕ್ಸ್ ಮಷಿನ್. ಸ್ಕಾಲರ್‌ಶಿಪ್, ಪಹಣಿ, ನೌಕರಿ ಅರ್ಜಿ, ಎಲ್ಲಕ್ಕೂ ಸುತ್ತಲ ಹಳ್ಳಿಯವರು ಅಲ್ಲಿಗೇ ಬರಬೇಕು. ‘ನಿನ್ನ ಬಟನ್’ ಎಂದರೆ ನಾನು ಮಾಡಿಕೊಟ್ಟಿದ್ದ ಬ್ರೌಸರ್ ಎಕ್ಸ್‌ಟೆನ್ಷನ್. ಅದು ಹುಟ್ಟಿದ ಕಥೆ ಮತ್ತು ಸತ್ತ ಕಥೆ ಎರಡನ್ನೂ ಹೇಳಬೇಕು. ಪ್ಲೇಸ್‌ಮೆಂಟ್‌ಗೆಂದು ಪ್ರಾಜೆಕ್ಟ್ ಮಾಡುತ್ತಿರುವ ನನ್ನಂಥವರಿಗೆ ಇದರಲ್ಲಿ ಏನಾದರೂ ಸಿಕ್ಕೀತು.

ಏಳು ಗುರುತಿನ ‘ಕನ್ನಡ’

ನಮ್ಮ ಕಡೆ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಬಹಳಷ್ಟು ಟೈಪಿಂಗ್ ನಡೆಯುವುದು ‘ನುಡಿ’ಯ ಹಳೆಯ ಫಾಂಟ್‌ಗಳಲ್ಲಿ. ಅದೇ ವರ್ಡ್ ಫೈಲಿನಿಂದ ನಾಲ್ಕು ಸಾಲು ಕಾಪಿ ಮಾಡಿ ಆನ್‌ಲೈನ್ ಅರ್ಜಿಯ ಪೆಟ್ಟಿಗೆಗೆ ಹಾಕಿ ನೋಡಿ. ‘ಕನ್ನಡ’ ಎಂಬ ಮೂರಕ್ಷರದ ಜಾಗದಲ್ಲಿ ಏಳು ಗುರುತು ಬರುತ್ತವೆ: ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೆರೆ ಇರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಮತ್ತೊಂದು ಎ.

ಇದು ಕಂಪ್ಯೂಟರಿನ ತಪ್ಪಲ್ಲ. ಹಳೆಯ ಫಾಂಟ್‌ಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಫಾಂಟ್ ತೆಗೆದರೆ ಒಳಗಿನ ಬಾಡಿಗೆ ಮನೆ ಕಾಣುತ್ತದೆ. ಒಂದೊಂದು ಕಂಪನಿಯ ಸಾಫ್ಟ್‌ವೇರ್ ಒಂದೊಂದು ರೀತಿ ತುಂಡು ಕೂರಿಸುತ್ತಿದ್ದ ಕಾಲದಲ್ಲಿ, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಒಂದು ಶಿಸ್ತು ತಂದಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ ಟೈಪಿಂಗ್ ಸುಲಭವಾಯಿತು. ಅದು ಆ ಹೊತ್ತಿನ ಸ್ಟ್ಯಾಂಡರ್ಡ್. ಆದರೆ ಕನ್ನಡಕ್ಕೆ ಜಗತ್ತಿನ ಎಲ್ಲ ಕಂಪ್ಯೂಟರ್‌ಗಳೂ ಒಪ್ಪುವ ಸ್ವಂತ ಮನೆ ಸಿಕ್ಕಿದ್ದು ಯೂನಿಕೋಡ್‌ನಲ್ಲಿ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಶುರುವಾದದ್ದೂ ಅದೇ ವರ್ಷ. ಈಗಿನ ‘ನುಡಿ’ಯಲ್ಲೂ ಯೂನಿಕೋಡ್ ಇದೆ. ಆದರೂ ಕೈಗೆ ಕುಳಿತ ಅಭ್ಯಾಸ ಮತ್ತು ಹಳೆಯ ಫೈಲುಗಳು ಅಷ್ಟು ಬೇಗ ಹೋಗುವುದಿಲ್ಲ.

ಮೊದಲ ವರ್ಷದ ಬೇಸಿಗೆ ರಜೆಯಲ್ಲಿ ಮಾಮನ ಅಂಗಡಿಯಲ್ಲಿ ಕುಳಿತಾಗ ಈ ಗೋಳು ನೋಡಿದೆ. ಮಾಮ ಒಂದೊಂದು ಪುಟವನ್ನೂ ಮತ್ತೆ ಟೈಪ್ ಮಾಡುತ್ತಿದ್ದ. ಯೂಟ್ಯೂಬ್‌ನ ಹಳೆಯ ವಿಡಿಯೊ ನೋಡಿಕೊಂಡು ನಾಲ್ಕು ದಿನದಲ್ಲಿ ಒಂದು ಎಕ್ಸ್‌ಟೆನ್ಷನ್ ಬರೆದೆ. ಅರ್ಜಿಯ ಪೆಟ್ಟಿಗೆಯಲ್ಲಿ ಬಿದ್ದ ಗೊಜ್ಜನ್ನು ಸೆಲೆಕ್ಟ್ ಮಾಡಿ, ಮೌಸಿನ ಬಲ ಬಟನ್ ಒತ್ತಿ ‘ಕನ್ನಡ ಮಾಡು’ ಎಂದರೆ ಯೂನಿಕೋಡ್ ಆಗುತ್ತಿತ್ತು. ಅರ್ಕಾವತ್ತು ಸ್ವಲ್ಪ ಕಾಡಿತು. ‘ಸೂರ್ಯ’ ಬರೆಯುವಾಗ ಅರ್ಕಾವತ್ತು ಕಣ್ಣಿಗೆ ಕಾಣುವುದು ‘ಯ’ ಆದ ಮೇಲೆ, ಯೂನಿಕೋಡ್‌ನಲ್ಲಿ ಆ ‘ರ್’ ಮೊದಲು ಬರಬೇಕು. ಅದನ್ನೂ ಸರಿ ಮಾಡಿದೆ. ಮಾಮ ಖುಷಿಯಾಗಿ ಮಿರ್ಚಿ, ಒಗ್ಗರಣಿ ಕೊಡಿಸಿದ. ಅಂಗಡಿಗೆ ಬಂದವರಿಗೆಲ್ಲ ‘ನಮ್ಮ ಅಳಿಯ ಮಾಡ್ಯಾನ’ ಎಂದು ತೋರಿಸತೊಡಗಿದ.

ಕೆಂಪು ಅಕ್ಷರದ ಎಚ್ಚರಿಕೆ

ಎಕ್ಸ್‌ಟೆನ್ಷನ್ ಬರೆದ ದಿನವೇ ಬ್ರೌಸರ್ ನನಗೆ ಒಂದು ಎಚ್ಚರಿಕೆ ತೋರಿಸಿತ್ತು. ನೀನು ಬಳಸಿದ ಮ್ಯಾನಿಫೆಸ್ಟ್ ಎರಡನೇ ಆವೃತ್ತಿಯದು, ಅದು ಹಳತಾಗಿದೆ, ಮುಂದೆ ಅದಕ್ಕೆ ಬೆಂಬಲ ಇರುವುದಿಲ್ಲ ಎಂಬುದು ಅದರ ಸಾರ. ನಾನು ಓದಿದೆ. ‘ಕೆಲಸ ಮಾಡ್ತಿದೆಯಲ್ಲ’ ಎಂದು ಮುಚ್ಚಿದೆ. ಕೆಲವು ತಿಂಗಳ ನಂತರ ಮಾಮ ಫೋನ್ ಮಾಡಿ, ‘ಅದು ತಾನೇ ಆಫ್ ಆಗೈತಿ’ ಎಂದ. ‘ಮತ್ತೆ ಆನ್ ಮಾಡು ಮಾಮ, ಏನೂ ಆಗಲ್ಲ’ ಎಂದೆ. ಎರಡು ಸಲ ಎಚ್ಚರಿಕೆ ಬಂತು, ಎರಡು ಸಲವೂ ನಾನೇ ತಳ್ಳಿಹಾಕಿದೆ. ಮೂರನೇ ಸಲ ಆನ್ ಮಾಡುವ ಗುಂಡಿಯೇ ಇರಲಿಲ್ಲ.

ಆ ದಿನ ಅಂಗಡಿಯಲ್ಲಿ ಕುಳಿತಿದ್ದವರು ಸಂಡೂರು ತಾಲ್ಲೂಕಿನ ತಾಂಡಾವೊಂದರ ಅಕ್ಕ. ಕಂಪ್ಲಿ ಕಡೆಯ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ತಮ್ಮ ತಾಂಡಾದ ಹೆಂಗಸರ ಕಸೂತಿ ಮತ್ತು ಕಸೂತಿ ಹಾಕುವಾಗ ಹೇಳುವ ಹಾಡುಗಳ ಬಗ್ಗೆ ಬರೆಯಲು ಒಂದು ಸಂಶೋಧನಾ ನೆರವಿಗೆ ಅರ್ಜಿ ಹಾಕುತ್ತಿದ್ದರು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಆದರೆ ಅದನ್ನು ಹಾಕುವ ಹೆಂಗಸರ ಮಾತು ಬರೆದಿಟ್ಟಿರುವುದು ಕಡಿಮೆ ಎಂಬುದು ಅಕ್ಕನ ವಾದ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ರಜೆಯ ದಿನಗಳನ್ನು ಕಳೆದು ಟಿಪ್ಪಣಿ ಮಾಡಿಕೊಂಡಿದ್ದರು. ಹನ್ನೆರಡು ಪುಟ. ಎಲ್ಲ ಹೊಸಪೇಟೆಯ ಡಿಟಿಪಿ ಅಂಗಡಿಯಲ್ಲಿ ‘ನುಡಿ’ಯ ಹಳೆಯ ಫಾಂಟಿನಲ್ಲಿ ಟೈಪ್ ಆಗಿತ್ತು. ‘ಮಾಮನ ಅಂಗಡಿಯಲ್ಲಿ ಒಂದು ಬಟನ್ ಒತ್ತಿದರೆ ಆಗುತ್ತದೆ’ ಎಂದು ಯಾರೋ ಹೇಳಿದ್ದರಿಂದ ಕೊನೆಯ ದಿನದವರೆಗೂ ಅವರು ನಿಶ್ಚಿಂತೆಯಾಗಿದ್ದರು.

ಪರಿವರ್ತನೆ ಮಾಡುವ ಬೇರೆ ಸಾಧನಗಳು ಇಲ್ಲವೆಂದಲ್ಲ. ಆದರೆ ಒಂದು ವರ್ಷದಿಂದ ಮಾಮನಿಗೆ ನನ್ನ ಬಟನ್ ಬಿಟ್ಟರೆ ಬೇರೆ ದಾರಿ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಡುವ ಯೋಚನೆ ನನಗೂ ಬಂದಿರಲಿಲ್ಲ. ಫೋನಿನಲ್ಲೇ ಒಂದು ಆನ್‌ಲೈನ್ ಪರಿವರ್ತಕದ ವಿಳಾಸ ಹೇಳಿದೆ. ಹುಡುಕಿ ತೆಗೆಯುವುದಕ್ಕೆ ಏಳೆಂಟು ನಿಮಿಷ ಹೋಯಿತು. ಮಾಮ ಅಷ್ಟರಲ್ಲಿ ಮೂರು ಪೆಟ್ಟಿಗೆಗಳನ್ನು ಕೈಯಿಂದಲೇ ಟೈಪ್ ಮಾಡಿದ್ದ. ಉಳಿದವನ್ನು ಪರಿವರ್ತಿಸಿ ತುಂಬುತ್ತಾ ಹೋದರು. ಕೊನೆಯ ಪೆಟ್ಟಿಗೆ, ‘ಈ ಅಧ್ಯಯನ ಏಕೆ ಮುಖ್ಯ’ ಎಂಬುದು. ಅದಕ್ಕೆ ಎರಡು ಪುಟ ಬರೆದುಕೊಂಡು ಬಂದಿದ್ದರು. ನಾಲ್ಕು ಸಾಲು ಹಾಕುವಷ್ಟರಲ್ಲಿ ಗಂಟೆ ಐದಕ್ಕೆ ಎರಡು ನಿಮಿಷ ಇತ್ತು. ಸಬ್ಮಿಟ್ ಒತ್ತಿದರು.

ಮಾಮನ ಫೋನ್ ತೆಗೆದುಕೊಂಡು ಅಕ್ಕ ಮಾತಾಡಿದರು. ‘ಇರಲಿ ಬಿಡು ತಮ್ಮಾ, ಹೋಯ್ತಲ್ಲ ಅರ್ಜಿ. ನಿನ್ನ ಪರೀಕ್ಷಿ ಹೆಂಗಾತು?’ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಎರಡು ತಿಂಗಳ ನಂತರ ಬಂದ ಪಟ್ಟಿಯಲ್ಲಿ ಅಕ್ಕನ ಹೆಸರಿರಲಿಲ್ಲ. ಆ ನಾಲ್ಕು ಸಾಲೇ ಕಾರಣ ಎಂದು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ.

ತಾತನ ಹಳಿ, ನನ್ನ ಮ್ಯಾನಿಫೆಸ್ಟ್

ಆ ರಾತ್ರಿ ಹಾಸ್ಟೆಲಿನಲ್ಲಿ ಮೊದಲ ಬಾರಿಗೆ ಈ ಮ್ಯಾನಿಫೆಸ್ಟ್ ಎಂದರೇನೆಂದು ಸರಿಯಾಗಿ ಓದಿದೆ. ಪ್ರತಿ ಎಕ್ಸ್‌ಟೆನ್ಷನ್ ಜೊತೆಗೂ ಅದೇ ಹೆಸರಿನ ಒಂದು ಫೈಲ್ ಇರುತ್ತದೆ. ನನ್ನ ಹೆಸರು ಇದು, ನನಗೆ ಇಂತಿಂಥ ಅನುಮತಿ ಬೇಕು, ನನ್ನ ಕೋಡ್ ಇಲ್ಲಿದೆ, ನಾನು ಇಂಥ ಆವೃತ್ತಿಯ ನಿಯಮಕ್ಕೆ ಒಪ್ಪಿ ಬರೆದವನು ಎಂದು ಬ್ರೌಸರ್‌ಗೆ ಕೊಡುವ ಪರಿಚಯ ಪತ್ರ ಅದು. ನಿಯಮ ಬದಲಾದರೆ ಹಳೆಯ ಪತ್ರ ನಡೆಯುವುದಿಲ್ಲ.

ನನಗೆ ತಾತ ನೆನಪಾದ. ಆತ ಗುಂತಕಲ್ ಜಂಕ್ಷನ್‌ನಲ್ಲಿ ಹಮಾಲಿ ಆಗಿದ್ದವನು. ಆಗ ನಮ್ಮ ಹೊಸಪೇಟೆ ಕಡೆಯದು ಮೀಟರ್ ಗೇಜ್, ಒಂದು ಮೀಟರ್ ಅಗಲದ ಹಳಿ. ಗುಂತಕಲ್ ಮೇಲೆ ಹೋಗುವ ಮುಂಬೈ–ಚೆನ್ನೈ ಮಾರ್ಗ ಬ್ರಾಡ್ ಗೇಜ್, 1,676 ಮಿಲಿಮೀಟರ್. ಈ ರೈಲಿನ ಡಬ್ಬಿ ಆ ಹಳಿ ಮೇಲೆ ಹೋಗುವುದಿಲ್ಲ. ಆದ್ದರಿಂದ ಇಲ್ಲಿಂದ ಹೋದ ಮೂಟೆಯನ್ನು ಇಳಿಸಿ, ಹೊತ್ತು, ಇನ್ನೊಂದು ರೈಲಿಗೆ ಏರಿಸಬೇಕಿತ್ತು. 1990ರ ದಶಕದಲ್ಲಿ ನಮ್ಮ ಮಾರ್ಗವೂ ಬ್ರಾಡ್ ಗೇಜ್ ಆಯಿತು. ಊರಿಗೆ ಅನುಕೂಲವಾಯಿತು, ತಾತನಿಗೆ ಆ ಕೆಲಸ ಹೋಯಿತು. ಹಳಿ ಒಂದಾದಾಗ ಎಲ್ಲರಿಗೂ ಒಂದೇ ದಿನ ಒಳ್ಳೆಯದಾಗುವುದಿಲ್ಲ ಎಂಬುದು ನಮ್ಮ ಮನೆಗೆ ಹಳೆಯ ಸಂಗತಿ.

ಬ್ರೌಸರ್‌ಗಳ ಕಥೆಯೂ ಹೆಚ್ಚೂಕಡಿಮೆ ಹೀಗೇ. ಮೊದಲಿಗೆ ಫೈರ್‌ಫಾಕ್ಸ್‌ನ ಎಕ್ಸ್‌ಟೆನ್ಷನ್‌ಗಳು ಬ್ರೌಸರ್‌ನ ಹೊಟ್ಟೆಯೊಳಗೇ ಕೈ ಹಾಕಬಹುದಿತ್ತು. ಆಗ ‘ಪದ್ಮ’ ಎಂಬ ಎಕ್ಸ್‌ಟೆನ್ಷನ್ ಇತ್ತು. ಭಾರತೀಯ ಭಾಷೆಗಳ ಹಳೆಯ ಫಾಂಟಿನ ಪುಟಗಳನ್ನು ಯೂನಿಕೋಡ್ ಮಾಡಿ ತೋರಿಸುತ್ತಿತ್ತು. ನಾನು ಹೊಸದಾಗಿ ಕಂಡುಹಿಡಿದೆ ಎಂದುಕೊಂಡದ್ದನ್ನು ಬೇರೆಯವರು ನಾನು ಅಂಬೆಗಾಲಿಡುವ ಕಾಲದಲ್ಲೇ ಮಾಡಿದ್ದರು. ಕ್ರೋಮ್‌ಗೆ ಎಕ್ಸ್‌ಟೆನ್ಷನ್ ಬಂದದ್ದು 2010ರಲ್ಲಿ, ಬೇರೆಯದೇ ವಿನ್ಯಾಸದಲ್ಲಿ. ಒಂದು ಕಡೆ ಬರೆದದ್ದು ಇನ್ನೊಂದು ಕಡೆ ನಡೆಯುತ್ತಿರಲಿಲ್ಲ. 2015ರಲ್ಲಿ ಫೈರ್‌ಫಾಕ್ಸ್‌ನವರು ಕ್ರೋಮ್‌ಗೆ ಹತ್ತಿರವಾದ ‘ವೆಬ್‌ಎಕ್ಸ್‌ಟೆನ್ಷನ್ಸ್’ ವಿನ್ಯಾಸ ಪ್ರಕಟಿಸಿದರು. 2017ರ ನವೆಂಬರ್‌ನಲ್ಲಿ 57ನೇ ಆವೃತ್ತಿ ಬಂದಾಗ ಹಳೆಯ ವಿನ್ಯಾಸದ ಎಕ್ಸ್‌ಟೆನ್ಷನ್‌ಗಳೆಲ್ಲ ಒಟ್ಟಿಗೆ ನಿಂತವು. ಮತ್ತೆ ಬರೆಯಲು ಪುರಸೊತ್ತಿದ್ದವರು ಬರೆದರು, ಇಲ್ಲದವರ ಕೆಲಸ ಅಲ್ಲಿಗೇ ಮುಗಿಯಿತು.

2020ರಲ್ಲಿ ಎಡ್ಜ್ ಬ್ರೌಸರ್ ಕ್ರೋಮಿಯಂ ಬುನಾದಿಗೆ ಬಂತು, ಅದೇ ವರ್ಷ ಸಫಾರಿಯೂ ಇದೇ ಮಾದರಿಯ ಎಕ್ಸ್‌ಟೆನ್ಷನ್‌ಗಳಿಗೆ ಬಾಗಿಲು ತೆಗೆಯಿತು. 2021ರ ಜೂನ್‌ನಲ್ಲಿ ಆ್ಯಪಲ್, ಗೂಗಲ್, ಮೈಕ್ರೊಸಾಫ್ಟ್, ಮೊಜಿಲ್ಲಾ ನಾಲ್ವರೂ ಡಬ್ಲ್ಯು3ಸಿ ಅಡಿಯಲ್ಲಿ ಒಂದು ಸಮುದಾಯ ಗುಂಪು ಕಟ್ಟಿ, ಎಕ್ಸ್‌ಟೆನ್ಷನ್‌ಗಳಿಗೆ ಎಲ್ಲರೂ ಒಪ್ಪುವ ನಿಯಮಗಳ ಬಗ್ಗೆ ಕುಳಿತು ಮಾತಾಡತೊಡಗಿದರು. ಪೈಪೋಟಿ ಮಾಡುವವರೂ ಹಳಿಯ ಅಗಲದ ವಿಷಯಕ್ಕೆ ಒಂದೇ ಮೇಜಿಗೆ ಬರಬೇಕಾಗುತ್ತದೆ.

ಮೂರನೇ ಆವೃತ್ತಿಯ ಮ್ಯಾನಿಫೆಸ್ಟ್ ಬಗ್ಗೆ ಜಗಳವೂ ಇದೆ. ಹೊರಗಿನ ಸರ್ವರ್‌ನಿಂದ ಕೋಡ್ ತಂದು ಓಡಿಸುವುದನ್ನು ಅದು ನಿಷೇಧಿಸಿತು. ಅದು ಒಳ್ಳೆಯದೇ. ಆದರೆ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್‌ಗಳು ಪುಟದ ಬೇಡಿಕೆಗಳನ್ನು ತಾವೇ ನೋಡಿ ತಡೆಯುವ ಹಳೆಯ ಸ್ವಾತಂತ್ರ್ಯವನ್ನು ಕ್ರೋಮ್ ತೆಗೆದು, ಮೊದಲೇ ಪಟ್ಟಿ ಕೊಡುವ ಪದ್ಧತಿ ತಂದಿತು. ಫೈರ್‌ಫಾಕ್ಸ್ ಹಳೆಯದನ್ನೂ ಉಳಿಸಿಕೊಂಡಿತು. ಆದ್ದರಿಂದ ‘ಯೂಬ್ಲಾಕ್ ಒರಿಜಿನ್’ ಅಲ್ಲಿ ಈಗಲೂ ಪೂರ್ತಿ ನಡೆಯುತ್ತದೆ. ಒಂದೇ ಸ್ಟ್ಯಾಂಡರ್ಡ್ ಎಂದಾಗ ಅದರ ಅಳತೆ ಯಾರು ನಿಗದಿ ಮಾಡುತ್ತಾರೆ ಎಂಬ ಪ್ರಶ್ನೆ ಇದ್ದೇ ಇರುತ್ತದೆ.

ಮತ್ತೆ ಬರೆದದ್ದು

ಇಂಟರ್ನಲ್ಸ್ ಮುಗಿದ ಮೇಲೆ ಹನ್ನೊಂದು ದಿನ ಕೂತು ಮತ್ತೆ ಬರೆದೆ. ಮೊದಲು ಕಣ್ಣಿಗೆ ಬಿದ್ದದ್ದು ಅನುಮತಿಗಳ ಸಾಲು. ಹಳೆಯದರಲ್ಲಿ ವಿಡಿಯೊದವನು ಹೇಳಿದಂತೆ ‘ಎಲ್ಲ ವೆಬ್‌ಸೈಟ್‌ಗಳನ್ನು ಓದುವ, ಬದಲಿಸುವ’ ಅನುಮತಿ ಕೇಳಿದ್ದೆ. ಮಾಮನ ಅಂಗಡಿಯಲ್ಲಿ ದಿನವಿಡೀ ಜನರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಪಾಸ್‌ವರ್ಡ್ ಓಡಾಡುತ್ತವೆ. ಅಷ್ಟನ್ನೂ ಓದುವ ಅಧಿಕಾರ ನಾಲ್ಕು ದಿನದಲ್ಲಿ ಬರೆದ ನನ್ನ ಕೋಡ್‌ಗೆ ಇತ್ತು! ನಾನು ದುರುಪಯೋಗ ಮಾಡಲಿಲ್ಲ, ನಿಜ. ಆದರೆ ಅಂಥ ಅನುಮತಿ ಕೇಳುವ ಎಕ್ಸ್‌ಟೆನ್ಷನ್‌ಗಳನ್ನು ನಾವೆಲ್ಲ ಯೋಚಿಸದೆ ಹಾಕಿಕೊಂಡಿದ್ದೇವೆ. ಹೊಸದರಲ್ಲಿ, ಬಳಸುವವರು ಒತ್ತಿದಾಗ ಎದುರಿಗಿರುವ ಆ ಒಂದು ಪುಟ ಮಾತ್ರ ಸಿಗುವ ಅನುಮತಿ ಇಟ್ಟಿದ್ದೇನೆ. ಕೆಲಸಕ್ಕೆ ಅಷ್ಟೇ ಸಾಕಿತ್ತು.

ಎರಡನೆಯದು ನೆನಪು. ಮೊದಲು ಎಕ್ಸ್‌ಟೆನ್ಷನ್‌ನ ಹಿನ್ನೆಲೆ ಕೋಡ್ ಬ್ರೌಸರ್ ತೆರೆದಿರುವಷ್ಟು ಹೊತ್ತೂ ಎದ್ದೇ ಇರುತ್ತಿತ್ತು. ಹೊಸ ಪದ್ಧತಿಯಲ್ಲಿ ಕ್ರೋಮ್ ಅದನ್ನು ಸುಮಾರು 30 ಸೆಕೆಂಡ್ ಕೆಲಸವಿಲ್ಲದಿದ್ದರೆ ಮಲಗಿಸುತ್ತದೆ. ಫೈಲು ‘ನುಡಿ’ಯದೋ ‘ಶ್ರೀಲಿಪಿ’ಯದೋ ಎಂದು ಮಾಮ ಆರಿಸಿದ್ದನ್ನು ನಾನು ಒಂದು ವೇರಿಯಬಲ್‌ನಲ್ಲಿ ಇಟ್ಟಿದ್ದೆ. ಮೊದಲ ಸಲ ಒತ್ತಿದರೆ ಸರಿ. ಒಂದು ನಿಮಿಷ ಬಿಟ್ಟು ಒತ್ತಿದರೆ ಆಯ್ಕೆ ಮರೆತು ಹೋಗಿ ಮತ್ತೆ ಗೊಜ್ಜು! ಬ್ರೌಸರ್‌ನ ಸ್ಟೋರೇಜ್‌ನಲ್ಲಿ ಬರೆದಿಟ್ಟ ಮೇಲೆ ಸರಿಹೋಯಿತು.

ಮೂರನೆಯದು, ಕಾಲೇಜಿನ ಲ್ಯಾಬಿನಲ್ಲಿ ಉಬುಂಟು ಮೇಲೆ ಫೈರ್‌ಫಾಕ್ಸ್. ಅಲ್ಲಿ ಹಾಕಿದರೆ ಏಳಲೇ ಇಲ್ಲ. ಕ್ರೋಮ್‌ಗೆ ಹಿನ್ನೆಲೆ ಕೋಡ್ ‘ಸರ್ವಿಸ್ ವರ್ಕರ್’ ಎಂದು ಹೇಳಬೇಕು, ಫೈರ್‌ಫಾಕ್ಸ್‌ಗೆ ‘ಸ್ಕ್ರಿಪ್ಟ್ಸ್’ ಎಂದು. ಇಬ್ಬರೂ 121ನೇ ಆವೃತ್ತಿಯಿಂದ ಎರಡನ್ನೂ ಒಂದೇ ಮ್ಯಾನಿಫೆಸ್ಟ್‌ನಲ್ಲಿ ಬರೆದರೆ ಸಹಿಸಿಕೊಳ್ಳುತ್ತಾರೆ, ತಮಗೆ ಬೇಕಾದ್ದನ್ನು ಎತ್ತಿಕೊಳ್ಳುತ್ತಾರೆ. ಈ ಒಂದು ಸಾಲು ಹುಡುಕಲು ನನಗೆ ಒಂದು ರಾತ್ರಿ ಬೇಕಾಯಿತು.

ನಾಲ್ಕನೆಯದು ಮೊಬೈಲ್. ನಮ್ಮ ಕಡೆ ಕಂಪ್ಯೂಟರ್ ಇರುವ ಮನೆ ಎಷ್ಟು? ಆಂಡ್ರಾಯ್ಡ್‌ನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ ಹಾಕಲು ಬರುವುದಿಲ್ಲ. ಫೈರ್‌ಫಾಕ್ಸ್ ಆಂಡ್ರಾಯ್ಡ್‌ನಲ್ಲಿ 2023ರ ಡಿಸೆಂಬರ್‌ನಿಂದ ಬಾಗಿಲು ಅಗಲವಾಗಿ ತೆರೆದಿದೆ. ಆದರೆ ಫೋನಿನಲ್ಲಿ ಮೌಸಿನ ಬಲ ಬಟನ್ ಎಲ್ಲಿಂದ ಬರಬೇಕು? ಅದಕ್ಕೆಂದೇ ಚಿಕ್ಕ ಕಿಟಕಿ ತೆರೆದು, ಅದರಲ್ಲಿ ಪೇಸ್ಟ್ ಮಾಡಿ ಪರಿವರ್ತಿಸುವ ವ್ಯವಸ್ಥೆ ಮಾಡಿದೆ. ಸಫಾರಿಗೆ ಇನ್ನೂ ಮಾಡಿಲ್ಲ. ಅದನ್ನು ಮುಚ್ಚಿಡದೆ ವಿವರಣೆಯ ಮೊದಲ ಸಾಲಿನಲ್ಲೇ ಬರೆದಿದ್ದೇನೆ.

ಸಂದರ್ಶನಕ್ಕೆ ಹೋಗುವ ಗೆಳೆಯರಿಗೆ

ನಮ್ಮ ಬ್ರಾಂಚಿನಲ್ಲಿ ಒಂದು ಹಳೆಯ ನಗೆಮಾತಿದೆ. ವೈವಾದಲ್ಲಿ ಪ್ರಾಜೆಕ್ಟ್ ಓಡದಿದ್ದರೆ ಎಲ್ಲರೂ ಹೇಳುವುದು ಒಂದೇ, ‘ಸರ್, ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿಯೇ ಇತ್ತು.’ ನಾನೂ ಹೇಳಿದ್ದೇನೆ, ನಕ್ಕಿದ್ದೇನೆ. ಅಕ್ಕನ ಅರ್ಜಿಯ ನಂತರ ಆ ಮಾತು ನಗು ತರಿಸುತ್ತಿಲ್ಲ. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿದರೆ ಅರ್ಧ ಕೆಲಸವಾಯಿತು ಅಷ್ಟೇ. ಇನ್ನರ್ಧ, ನಾವು ನೋಡದ ಅಂಗಡಿಯಲ್ಲಿ, ನಾವು ಫೋನ್ ಎತ್ತದ ಹೊತ್ತಿನಲ್ಲಿ ಅದು ಏನು ಮಾಡುತ್ತದೆ ಎಂಬುದು.

ನನಗೆ ಅರ್ಥವಾದ ಕೆಲವು ಸಣ್ಣ ಸಂಗತಿ ಹೇಳುತ್ತೇನೆ. ಕಲಿಯುವ ವಿಡಿಯೊ ಯಾವ ವರ್ಷದ್ದು ಎಂದು ಮೊದಲು ನೋಡಿ. ಎಚ್ಚರಿಕೆ ಬಂದರೆ ಓದಿ, ಯಾವ ದಿನಕ್ಕೆ ಏನು ನಿಲ್ಲುತ್ತದೆ ಎಂದು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಕನಿಷ್ಠ ಎರಡು ಬ್ರೌಸರ್, ಒಂದು ಫೋನಿನಲ್ಲಿ ಓಡಿಸಿ ನೋಡಿ. ಬೇಕಾದಷ್ಟೇ ಅನುಮತಿ ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮದು ಕೆಟ್ಟರೆ ಮುಂದೇನು ಎಂಬ ದಾರಿಯನ್ನು ಬಳಸುವವರ ಕೈಗೆ ಮೊದಲೇ ಕೊಡಿ. ಈಚೆಗೆ ಇಂಟರ್ನ್‌ಶಿಪ್ ಸಂದರ್ಶನವೊಂದರಲ್ಲಿ ‘ನಿನ್ನ ಪ್ರಾಜೆಕ್ಟಿನಲ್ಲಿ ಏನು ತಪ್ಪಾಯಿತು’ ಎಂದು ಕೇಳಿದರು. ಈ ಕಥೆಯನ್ನೇ ಹೇಳಿದೆ. ಉಳಿದ ಪ್ರಶ್ನೆಗಳಿಗಿಂತ ಇದಕ್ಕೇ ಹೆಚ್ಚು ಹೊತ್ತು ಕೊಟ್ಟರು.

ಮಾಮನ ಅಂಗಡಿಯ ಗೋಡೆಗೆ ಈಗ ಒಂದು ಹಾಳೆ ಅಂಟಿಸಿದ್ದೇನೆ. ‘ಬಟನ್ ಕೆಲಸ ಮಾಡದಿದ್ದರೆ’ ಎಂದು ಮೇಲೆ ದಪ್ಪಕ್ಷರದಲ್ಲಿದೆ. ಕೆಳಗೆ ಮೂರು ಹೆಜ್ಜೆ. ಅದರಲ್ಲಿ ‘ಅಳಿಯನಿಗೆ ಫೋನ್ ಮಾಡಿ’ ಎಂಬುದು ಇಲ್ಲ.

ದಸರಾ ರಜೆಗೆ ಹೋದಾಗ ಅಕ್ಕ ಅಂಗಡಿಗೆ ಬಂದಿದ್ದರು, ಶಾಲೆಯ ಯಾವುದೋ ಪಟ್ಟಿ ಪ್ರಿಂಟ್ ತೆಗೆಸಲು. ಹೊಸ ಎಕ್ಸ್‌ಟೆನ್ಷನ್ ತೋರಿಸಿದೆ. ನೋಡಿ, ಚೆನ್ನಾಗಿದೆ ಎಂದರು. ಆಮೇಲೆ ಚೀಲದಿಂದ ಪೆನ್‌ಡ್ರೈವ್ ತೆಗೆದು, ‘ಇದನ್ನ ನೋಡು’ ಎಂದರು. ಹನ್ನೆರಡು ಪುಟ ಈಗ ಇಪ್ಪತ್ತಾಗಿತ್ತು. ಫೈಲ್ ತೆರೆದು, ಒಂದು ಸಾಲು ಕಾಪಿ ಮಾಡಿ ಬ್ರೌಸರ್‌ಗೆ ಹಾಕಿದೆ. ಹಾಗೇ ಕನ್ನಡವಾಗಿಯೇ ಬಂತು. ರಾತ್ರಿ ಹೊತ್ತು ಕುಳಿತು ಯೂನಿಕೋಡ್‌ನಲ್ಲಿ ಟೈಪ್ ಮಾಡುವುದನ್ನು ಅವರೇ ಕಲಿತಿದ್ದರು. ‘ಮುಂದಿನ ಸಲ ಅರ್ಜಿಗೆ ನಿನ್ನ ಬಟನ್ ಬೇಕಾಗಲ್ಲ ತಮ್ಮಾ, ಬೇಜಾರಾಗಬ್ಯಾಡ’ ಎಂದು ನಕ್ಕರು.

ಬೇಜಾರಾಗಲಿಲ್ಲ. ಮಾಮ ಮಾತ್ರ ಪ್ರಿಂಟರಿನ ಹತ್ತಿರದಿಂದಲೇ, ‘ಇರ‍್ಲಿ ಬಿಡ್ರಿ ಟೀಚರ್, ಉಳಿದೋರಿಗೆ ಬೇಕಾಗ್ತದ’ ಎಂದ.